ಎಂಜಿನ್ ಕುದಿಯುತ್ತದೆ, ಹೀಟರ್ ತಣ್ಣಗಿದೆ: ಎರಡು ದೂರು, ಒಂದೇ ಕಾಯಿಲೆ

ಓದುಗರ ಪ್ರಶ್ನೆ: ಮಡಿಕೇರಿ ಸಮೀಪದಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತಂದೆಯವರು ಕೊಂಡ 2003ರ ಮಾಡೆಲ್ಲಿನ ಮಾರುತಿ ಜಿಪ್ಸಿಯನ್ನು ಈಗ ನಾನು ಓಡಿಸುತ್ತಿದ್ದೇನೆ. ಈ ಮಳೆಗಾಲದ ಆರಂಭದಿಂದ, ಸುಳ್ಯದ ಕಡೆಯಿಂದ ಸಂಪಾಜೆ ಘಟ್ಟ ಹತ್ತುವಾಗ ಉಷ್ಣತೆಯ ಮುಳ್ಳು ಮುಕ್ಕಾಲು ದಾಟಿ ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಅದೇ ಹೊತ್ತಿಗೆ ಹೀಟರ್ ಹಾಕಿದರೆ ತಣ್ಣನೆಯ ಗಾಳಿ ಬರುತ್ತದೆ, ಮುಂದಿನ ಗಾಜಿನ ಮಂಜು ಬಿಡುವುದಿಲ್ಲ. ಆಕ್ಸಲರೇಟರ್ ಒತ್ತಿದಾಗ ಕ್ಷಣಕಾಲ ಬಿಸಿ ಬಂದು ಮತ್ತೆ ತಣ್ಣಗಾಗುತ್ತದೆ. ಒಮ್ಮೆ ಮೇಲಿದ್ದ ಮುಳ್ಳು ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದು, ಸ್ವಲ್ಪ ಹೊತ್ತಿಗೆ ಮತ್ತೆ ಏರಿತು. ವಾರಕ್ಕೆ ಸುಮಾರು ಒಂದು ಲೀಟರ್ ನೀರು ಸುರಿಯುತ್ತಿದ್ದೇನೆ, ಆದರೆ ಗಾಡಿಯ ಕೆಳಗೆ ಒಂದು ಹನಿಯೂ ಕಾಣುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಅರ್ಧ ನಿಮಿಷ ಎಂಜಿನ್ ನಡುಗಿ, ಅನಂತರ ಸರಿಹೋಗುತ್ತದೆ. ಕಳೆದ ವರ್ಷ ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದ್ದಾರೆ. ಎರಡು ತಿಂಗಳ ಹಿಂದೆ ರೇಡಿಯೇಟರಿನಲ್ಲಿ ಸಣ್ಣ ಸೋರಿಕೆ ಕಂಡಾಗ ನಮ್ಮ ಡ್ರೈವರ್ ಅರಿಸಿನ ಪುಡಿ ಹಾಕಿದ್ದರು. ಈಗ ಒಬ್ಬರು ರೇಡಿಯೇಟರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಹೀಟರ್ ಪೈಪನ್ನು ಬೈಪಾಸ್ ಮಾಡಿ ಎನ್ನುತ್ತಾರೆ, ಮೂರನೆಯವರು ಗಾಡಿಯನ್ನೇ ಮಾರಿಬಿಡಿ ಎನ್ನುತ್ತಾರೆ. ಮುಂದಿನ ವಾರ ಮೈಸೂರಿಗೆ ಹೋಗಬೇಕಾಗಿದೆ. ಏನು ಮಾಡಲಿ?

ತಜ್ಞರ ಉತ್ತರ: ಮೊದಲು ಮೈಸೂರಿನ ವಿಚಾರ ಹೇಳಿಬಿಡುತ್ತೇನೆ. ಈ ಸ್ಥಿತಿಯಲ್ಲಿ ಆ ಗಾಡಿಯಲ್ಲಿ ಹೋಗಬೇಡಿ. ನೀವು ಬರೆದಿರುವ ಲಕ್ಷಣಗಳೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಇಂದು ಅಲ್ಪ ಖರ್ಚಿನಲ್ಲಿ ಮುಗಿಯಬಹುದಾದ ಕೆಲಸ ಒಂದೇ ಒಂದು ದೀರ್ಘ ಪ್ರಯಾಣದಿಂದ ಇಡೀ ಎಂಜಿನ್ ಬಿಚ್ಚುವ ಕೆಲಸವಾಗಬಹುದು.

ನಿಮ್ಮ ಪತ್ರದಲ್ಲಿ ಎಂಜಿನ್ ಹೀಟ್ ಆಗುವುದು ಒಂದು ದೂರಾಗಿಯೂ, ಹೀಟರ್ ತಣ್ಣಗಿರುವುದು ಮತ್ತೊಂದು ದೂರಾಗಿಯೂ ಬಂದಿವೆ. ನಿಮಗೆ ಸಲಹೆ ಕೊಟ್ಟವರೂ ಅವನ್ನು ಬೇರೆ ಬೇರೆಯಾಗಿಯೇ ನೋಡಿದ್ದಾರೆ. ಆದರೆ ಇವೆರಡೂ ಒಟ್ಟಿಗೆ ಕಾಣಿಸಿಕೊಂಡಾಗ ಅವನ್ನು ಒಂದೇ ಕಾಯಿಲೆಯ ಎರಡು ಮುಖಗಳೆಂದು ಓದಬೇಕು. ಹೀಟರಿನೊಳಗೆ ಬೆಂಕಿಯಾಗಲಿ ವಿದ್ಯುತ್ ಸುರುಳಿಯಾಗಲಿ ಇಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಪುಸ್ತಕದ ಗಾತ್ರದ ಒಂದು ಪುಟ್ಟ ರೇಡಿಯೇಟರ್ ಇದೆ, ಅದನ್ನೇ ಹೀಟರ್ ಕೋರ್ ಎನ್ನುತ್ತಾರೆ. ಎಂಜಿನ್ನಿನಿಂದ ಬಂದ ಬಿಸಿನೀರು ಅದರ ಮೂಲಕ ಹರಿದು ಹಿಂದಿರುಗುತ್ತದೆ, ಫ್ಯಾನ್ ಅದರ ಮೇಲೆ ಗಾಳಿಯನ್ನು ಊದುತ್ತದೆ. ಎಂಜಿನ್ ಕುದಿಯುವಷ್ಟು ಬಿಸಿಯಾಗಿರುವಾಗಲೇ ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದೆ ಎಂದರೆ ಆ ಬಿಸಿನೀರು ಅಲ್ಲಿಗೆ ತಲುಪುತ್ತಿಲ್ಲವೆಂದೇ ಅರ್ಥ. ನೀರಿನ ಮಟ್ಟ ಇಳಿದಿರಬಹುದು, ನಡುವೆ ಗಾಳಿ ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ದುರ್ಬಲವಾಗಿರಬಹುದು ಅಥವಾ ದಾರಿ ಕಟ್ಟಿಹೋಗಿರಬಹುದು. ಆಕ್ಸಲರೇಟರ್ ಒತ್ತಿದಾಗ ಕ್ಷಣಕಾಲ ಬಿಸಿ ಬರುತ್ತದೆ ಎಂಬ ನಿಮ್ಮ ಒಂದು ಸಾಲು ಇಲ್ಲಿ ಬಹಳ ಬೆಲೆಯುಳ್ಳದ್ದು. ದಾರಿ ಪೂರ್ತಿ ಕಟ್ಟಿಹೋಗಿದ್ದರೆ ಎಷ್ಟು ಒತ್ತಿದರೂ ಬಿಸಿ ಬರುತ್ತಿರಲಿಲ್ಲ. ಪಂಪ್ ಜೋರಾಗಿ ತಿರುಗಿದಾಗ ಮಾತ್ರ ನೀರು ಅಲ್ಲಿಯವರೆಗೆ ಏರುತ್ತಿದೆ, ಆಮೇಲೆ ಮತ್ತೆ ಗಾಳಿ ಸೇರಿಕೊಳ್ಳುತ್ತಿದೆ. ನೀರು ಕಡಿಮೆಯಾಗಿ ಗಾಳಿ ಸೇರಿರುವ ವ್ಯವಸ್ಥೆಯ ಲಕ್ಷಣ ಇದು.

ಮುಳ್ಳು ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದದ್ದನ್ನು ಓದಿದಾಗ ನನಗೆ ನಿಜವಾಗಿಯೂ ಆತಂಕವಾಯಿತು. ಉಷ್ಣತೆಯನ್ನು ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರುವಾಗ ಮಾತ್ರ ನಿಜ ಹೇಳುತ್ತದೆ. ನೀರು ಇಳಿದು ಅದರ ಸುತ್ತ ಗಾಳಿ ನಿಂತರೆ, ಸುತ್ತಲಿನ ಲೋಹ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯುತ್ತದೆ. ಎಂಜಿನ್ ತಣ್ಣಗಾಗಲು ನಿಮಿಷಗಟ್ಟಲೆ ಬೇಕು, ಅದು ಒಂದು ಕ್ಷಣದಲ್ಲಿ ಅರ್ಧದಷ್ಟು ತಣ್ಣಗಾಗಲಾರದು. ಘಟ್ಟದ ನಡುವೆ ಮುಳ್ಳು ಹಠಾತ್ತಾಗಿ ಇಳಿದರೆ ಅದನ್ನು ಏರಿದ್ದಕ್ಕಿಂತ ದೊಡ್ಡ ಎಚ್ಚರಿಕೆಯೆಂದು ತಿಳಿದು, ಗಾಡಿಯನ್ನು ಪಕ್ಕಕ್ಕೆ ತೆಗೆದು ಎಂಜಿನ್ ನಿಲ್ಲಿಸಿಬಿಡಿ. ಮುಳ್ಳು ಸುಳ್ಳು ಹೇಳುವ ಹೊತ್ತಿನಲ್ಲಿ ನಿಜ ಹೇಳುವುದು ಹೀಟರ್.

ನಿಮ್ಮ ಊರಿನ ಎತ್ತರದ ಬಗ್ಗೆಯೂ ಒಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕಾಯದೆ 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್ ಸಾಮಾನ್ಯವಾಗಿ ಕೆಲಸ ಮಾಡುವುದೇ 85ರಿಂದ 95 ಡಿಗ್ರಿಯಲ್ಲಿ. ಹಾಗಿದ್ದೂ ರೇಡಿಯೇಟರ್ ಕುದಿಯದಿರುವುದಕ್ಕೆ ಕಾರಣ ಅದರ ಮುಚ್ಚಳ. ಒಳಗೆ ಸುಮಾರು 0.9 ಬಾರ್ ಒತ್ತಡವನ್ನು ಹಿಡಿದಿಡುವ ಸರಿಯಾದ ಕ್ಯಾಪ್ ಇದ್ದರೆ ಬರಿಯ ನೀರಿನ ಕುದಿಬಿಂದು ಸಹ 115 ಡಿಗ್ರಿ ದಾಟುತ್ತದೆ. ಅದರ ರಬ್ಬರ್ ಒಡೆದಿದ್ದರೆ ಘಟ್ಟದ ತುದಿಯಲ್ಲಿ ನಿಮ್ಮ ಕೈಯಲ್ಲಿ ಉಳಿಯುವ ಅಂತರ ನಾಲ್ಕೈದು ಡಿಗ್ರಿ ಮಾತ್ರ. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲಂಟ್ ಎಂಬ ದ್ರವ ಹಿಮ ಬೀಳುವ ದೇಶದವರಿಗೆ, ನಮಗೆ ಬೇಡ ಎಂಬ ನಂಬಿಕೆಯೂ ಇಲ್ಲಿಯೇ ತಪ್ಪುತ್ತದೆ. ಹೆಪ್ಪುಗಟ್ಟುವ ಭಯ ನಮಗಿಲ್ಲ, ನಿಜ. ಆದರೆ ಅದು ಕುದಿಬಿಂದುವನ್ನು ಇನ್ನಷ್ಟು ಏರಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ಒಳಗಿನ ಲೋಹವನ್ನು ತುಕ್ಕಿನಿಂದ ಕಾಯುತ್ತದೆ. ವಾರಕ್ಕೊಂದು ಲೀಟರ್ ಬರಿಯ ನೀರು ಸುರಿಯುತ್ತ ಬಂದ ಗಾಡಿಯಲ್ಲಿ ಈಗ ಕೂಲಂಟ್ ಹೆಸರಿಗಷ್ಟೇ ಉಳಿದಿರುತ್ತದೆ.

ಆ ಒಂದು ಲೀಟರ್ ಹೋಗುತ್ತಿರುವುದೆಲ್ಲಿಗೆ? ನೆಲಕ್ಕೆ ಬೀಳದೆ ನೀರು ಕಳೆದುಹೋಗಲು ಇರುವ ದಾರಿಗಳು ಹೆಚ್ಚೇನಲ್ಲ. ಕ್ಯಾಪ್ ಅಥವಾ ಹೋಸ್ ಪೈಪಿನ ಜೋಡಣೆಯಿಂದ ಜಿನುಗಿ, ಬಿಸಿ ಎಂಜಿನ್ನಿನ ಮೇಲೆಯೇ ಆವಿಯಾಗಬಹುದು. ಹೀಟರ್ ಕೋರ್ ಸೋರಿ ಗಾಡಿಯ ಒಳಗಿನ ಮ್ಯಾಟಿನ ಕೆಳಗೆ ಇಳಿಯಬಹುದು, ಹಾಗಿದ್ದರೆ ಎಡಗಡೆ ಕಾಲಿಡುವಲ್ಲಿ ತೇವವಿದ್ದು, ಗಾಜಿನ ಒಳಮೈಯಲ್ಲಿ ಒರೆಸಿದರೂ ಬಿಡದ ಜಿಡ್ಡಿನ ಪೊರೆ ಕಟ್ಟುತ್ತದೆ. ಇವೆರಡೂ ಅಲ್ಲದಿದ್ದರೆ ಉಳಿಯುವುದು ಮೂರನೆಯದು: ನೀರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ತೆಳು ಹಾಳೆ) ದಾಟಿ ಸಿಲಿಂಡರಿನೊಳಗೆ ಹೋಗಿ ಸೈಲೆನ್ಸರಿನಿಂದ ಆವಿಯಾಗಿ ಹೊರಬರುವುದು. ಬೆಳಗಿನ ಅರ್ಧ ನಿಮಿಷದ ನಡುಕ ನನ್ನನ್ನು ಈ ಮೂರನೆಯದರ ಕಡೆಗೆ ಎಳೆಯುತ್ತದೆ. ರಾತ್ರಿ ಗಾಡಿ ನಿಂತಿರುವಾಗ ವ್ಯವಸ್ಥೆಯಲ್ಲಿ ಉಳಿದ ಒತ್ತಡಕ್ಕೆ ಒಂದು ಸಿಲಿಂಡರಿಗೆ ನೀರು ಜಿನುಗಿ, ಬೆಳಿಗ್ಗೆ ಆ ಸಿಲಿಂಡರಿನ ಪ್ಲಗ್ ಒದ್ದೆಯಾಗಿ, ನೀರು ಆವಿಯಾಗುವವರೆಗೆ ಎಂಜಿನ್ ಮೂರೇ ಸಿಲಿಂಡರಿನಲ್ಲಿ ಓಡುತ್ತದೆ. ಎಂಜಿನ್ ಓಡುವಾಗ ಇದೇ ಬಿರುಕಿನಲ್ಲಿ ವ್ಯವಹಾರ ತಿರುಗುಮುರುಗಾಗುತ್ತದೆ: ಸಿಲಿಂಡರಿನ ದಹನದ ಒತ್ತಡ ನೀರಿನ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುವುದರಿಂದ ಅನಿಲ ನೀರಿನೊಳಗೆ ನುಗ್ಗಿ, ಗುಳ್ಳೆಗಳಾಗಿ ಮೇಲೇರಿ, ಎತ್ತರದಲ್ಲಿರುವ ಹೀಟರ್ ಕೋರಿನಲ್ಲಿ ಸೇರಿಕೊಳ್ಳುತ್ತದೆ. ಏರಿನಲ್ಲಿ ಎಂಜಿನ್ನಿನ ಮೇಲೆ ಭಾರ ಬಿದ್ದಷ್ಟೂ ಇದು ಹೆಚ್ಚು. ಘಟ್ಟದಲ್ಲಿ ಮಾತ್ರ ತೊಂದರೆ ಕಾಣುವುದಕ್ಕೆ ಇದು ಸರಿಹೊಂದುತ್ತದೆ.

ಇಷ್ಟು ಹೇಳಿದ ಮೇಲೂ, ನನ್ನ ಈ ಅನುಮಾನವನ್ನೇ ಆಧಾರವಾಗಿಟ್ಟುಕೊಂಡು ಯಾರಿಗೂ ಹೆಡ್ ಬಿಚ್ಚಲು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಹೆಚ್ಚುಕಡಿಮೆ ಇಂಥದೇ ಲಕ್ಷಣಗಳಿದ್ದ ಒಂದು ಗಾಡಿಯ ಹೆಡ್ಡನ್ನು ಪರೀಕ್ಷೆಯಿಲ್ಲದೆ ಬಿಚ್ಚಿದೆವು. ಗ್ಯಾಸ್ಕೆಟ್ ಸರಿಯಾಗಿಯೇ ಇತ್ತು. ಕ್ಯಾಪಿನ ರಬ್ಬರ್ ಒಡೆದು, ಪಂಪಿನ ರೆಕ್ಕೆಗಳು ತುಕ್ಕಿಗೆ ಸವೆದಿದ್ದವು, ಬೆಳಗಿನ ನಡುಕಕ್ಕೆ ಕಾರಣ ಹಳೆಯ ಪ್ಲಗ್ ವಯರ್ ಆಗಿತ್ತು. ಮಾಲೀಕರು ಬೇಡದ ಕೆಲಸಕ್ಕೆ ಹಣ ತೆತ್ತರು. ಆ ದಿನದ ನಂತರ ಪರೀಕ್ಷೆ ಮುಗಿಯದೆ ಸ್ಪ್ಯಾನರ್ ಹಿಡಿಯಬಾರದೆಂಬುದನ್ನು ನಾನು ಬಿಟ್ಟುಕೊಟ್ಟಿಲ್ಲ.

ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಮನೆಯಂಗಳದಲ್ಲಿ ನೀವೇ ಮಾಡಬಹುದು. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರಿನ ಮೇಲಿನ ದಪ್ಪ ಹೋಸನ್ನು ಹಿಚುಕಿ ನೋಡಿ. ತಣ್ಣಗಿದ್ದರೂ ಅದು ಗಟ್ಟಿಯಾಗಿ ಉಬ್ಬಿಕೊಂಡಿದ್ದರೆ ಒಳಗೆ ನೀರಿನ ಆವಿಯಲ್ಲದ ಬೇರೆ ಅನಿಲವಿದೆ, ಏಕೆಂದರೆ ಆವಿಯ ಒತ್ತಡ ತಣಿದಾಗ ಇಳಿಯುತ್ತದೆ, ದಹನದ ಅನಿಲದ್ದು ಇಳಿಯುವುದಿಲ್ಲ. ಅನಂತರ ಕ್ಯಾಪ್ ತೆಗೆಯಿರಿ. ರೇಡಿಯೇಟರಿನ ಕುತ್ತಿಗೆಯವರೆಗೆ ನೀರಿರಬೇಕು. ಪಕ್ಕದ ರಿಸರ್ವ್ ಬಾಟಲಿ ತುಂಬಿದ್ದು ರೇಡಿಯೇಟರ್ ಮಾತ್ರ ಇಳಿದಿದ್ದರೆ, ತಣಿಯುವಾಗ ನೀರನ್ನು ಹಿಂದಕ್ಕೆ ಎಳೆದುಕೊಳ್ಳುವ ಕೆಲಸ ನಡೆಯುತ್ತಿಲ್ಲ. ಕ್ಯಾಪಿನ ನಡುವಿನ ಚಿಕ್ಕ ವಾಲ್ವ್ ಅಂಟಿಕೊಂಡಿರಬಹುದು ಅಥವಾ ಬಾಟಲಿಗೆ ಹೋಗುವ ಸಣ್ಣ ಪೈಪು ಒಡೆದಿರಬಹುದು. ಬಾಟಲಿಯನ್ನು ನೋಡಿಯೇ ನೀರು ಸಾಕಷ್ಟಿದೆ ಎಂದುಕೊಂಡು ಎಂಜಿನ್ ಕಳೆದುಕೊಂಡವರನ್ನು ನಾನು ಅನೇಕರನ್ನು ಕಂಡಿದ್ದೇನೆ. ನೀರಿನ ಬಣ್ಣವನ್ನೂ ಗಮನಿಸಿ. ಕೆಂಪು ಮಣ್ಣಿನಂತಿದ್ದರೆ ತುಕ್ಕು, ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ಅಥವಾ ಡಿಪ್ ಸ್ಟಿಕ್ಕಿನ ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ಎರಡೂ ಬೆರೆಯುತ್ತಿವೆ ಎಂದರ್ಥ, ಆಗ ಗಾಡಿಯನ್ನು ಅಲ್ಲಿಂದ ಕದಲಿಸಲೇಬೇಡಿ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಾತ್ರ ತುಸು ಬಿಳಿ ನೊರೆ ಇದ್ದರೆ ಗಾಬರಿಪಡಬೇಕಾಗಿಲ್ಲ. ಚಿಕ್ಕ ದೂರ ಓಡುವ ಗಾಡಿಗಳಲ್ಲಿ, ಅದರಲ್ಲಿಯೂ ಕೊಡಗಿನ ಮಳೆಗಾಲದಲ್ಲಿ, ಅದು ಬರಿಯ ತೇವದಿಂದಲೂ ಆಗುತ್ತದೆ.

ಈಗ ನೀರನ್ನು ಕುತ್ತಿಗೆಯವರೆಗೆ ತುಂಬಿಸಿ, ಕ್ಯಾಪ್ ಹಾಕದೆ ಎಂಜಿನ್ ಸ್ಟಾರ್ಟ್ ಮಾಡಿ, ಪಕ್ಕದಲ್ಲಿ ನಿಂತು ನೋಡಿ. ಮೊದಲ ಒಂದೆರಡು ನಿಮಿಷ ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡಿದ್ದ ಗಾಳಿ. ಎಂಜಿನ್ ಇನ್ನೂ ತಣ್ಣಗಿರುವಾಗಲೇ ಸಣ್ಣ ಗುಳ್ಳೆಗಳು ಬಿಡುವಿಲ್ಲದೆ ಏಳುತ್ತಿದ್ದು, ಆಕ್ಸಲರೇಟರ್ ಒತ್ತಿದಾಗ ನೀರು ಚಿಮ್ಮಿದರೆ ಅದು ದಹನದ ಅನಿಲ. ಇದನ್ನು ದೃಢಪಡಿಸಲು ಗ್ಯಾರೇಜುಗಳಲ್ಲಿ ಒಂದು ಸುಲಭದ ಪರೀಕ್ಷೆಯಿದೆ. ರೇಡಿಯೇಟರಿನ ಬಾಯಿಗೆ ಹಿಡಿದ ಗಾಜಿನ ಕೊಳವೆಯಲ್ಲಿನ ನೀಲಿ ದ್ರವದ ಮೂಲಕ ಒಳಗಿನ ಗಾಳಿಯನ್ನು ಎಳೆಯುತ್ತಾರೆ. ಇಂಗಾಲದ ಡೈಆಕ್ಸೈಡ್ ತಗುಲಿದರೆ ನೀಲಿ ಹಳದಿಗೆ ತಿರುಗುತ್ತದೆ. ಜೊತೆಗೆ ಪ್ಲಗ್ಗುಗಳನ್ನು ತೆಗೆಸಿ ನೋಡಿ. ನಾಲ್ಕರಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ಈ ಎರಡು ಸಾಕ್ಷಿಗಳು ಒಂದಕ್ಕೊಂದು ಹೊಂದಿದಾಗ ಮಾತ್ರ ಹೆಡ್ ಗ್ಯಾಸ್ಕೆಟ್ ಎಂಬ ತೀರ್ಪು ಕೊಡಬಹುದು.

ಗುಳ್ಳೆಗಳು ಬಾರದಿದ್ದರೆ ಹುಡುಕಾಟ ಬೇರೆ ಕಡೆಗೆ ತಿರುಗುತ್ತದೆ. ನೀರು ಭರ್ತಿಯಿರುವಾಗ ಎಂಜಿನ್ ಬಿಸಿಯಾದ ಮೇಲೆ ಹೀಟರ್ ಹಾಕಿ, ಎಂಜಿನ್ ಕೋಣೆಯ ಹಿಂಗೋಡೆಯಲ್ಲಿ ಒಳಗೆ ಹೋಗುವ ಎರಡು ಸಣ್ಣ ಹೋಸುಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಎರಡೂ ಸುಡುವಷ್ಟು ಬಿಸಿಯಿದ್ದರೆ ನೀರು ಹರಿಯುತ್ತಿದೆ, ತಪ್ಪು ಒಳಗಿನ ಗಾಳಿಯ ತಟ್ಟೆಯಲ್ಲಿದೆ ಅಥವಾ ಅದನ್ನು ಎಳೆಯುವ ಕೇಬಲ್ಲಿನಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಹೀಟರ್ ಕೋರ್ ಕಟ್ಟಿದೆ ಅಥವಾ ಅದರ ನೀರಿನ ವಾಲ್ವ್ ತೆರೆಯುತ್ತಿಲ್ಲ. ನೀರು ಭರ್ತಿಯಿದ್ದೂ ಎರಡೂ ತಣ್ಣಗಿದ್ದರೆ ಪಂಪನ್ನು ಅನುಮಾನಿಸಿ. ಜಿಪ್ಸಿಯ ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಆಲ್ಟರ್ನೇಟರಿನ ಬೆಲ್ಟೇ. ಅದು ಸಡಿಲವಾಗಿ ಜಾರುತ್ತಿದ್ದರೆ ನೀರಿನ ಓಟವೂ ಬ್ಯಾಟರಿಯ ಚಾರ್ಜೂ ಒಟ್ಟಿಗೆ ಕುಂದುತ್ತವೆ. ಪಂಪಿನ ಕೆಳಗಿನ ಸಣ್ಣ ರಂಧ್ರದ ಸುತ್ತ ಒಣಗಿದ ಕಲೆಯಿದ್ದರೆ, ಪುಲ್ಲಿಯನ್ನು ಹಿಡಿದು ಅಲುಗಿಸಿದಾಗ ಆಟವಿದ್ದರೆ ಪಂಪಿನ ಕಾಲ ಮುಗಿದಿದೆ.

ಇನ್ನು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್. ನಮ್ಮ ಸೆಖೆಯ ದೇಶಕ್ಕೆ ಇದು ಬೇಡ ಎಂಬ ಮಾತನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ, ಒಳ್ಳೆಯ ಕೈಚಳಕವುಳ್ಳ ಮೆಕ್ಯಾನಿಕ್‌ಗಳ ಬಾಯಿಂದಲೂ ಕೇಳಿದ್ದೇನೆ. ಅದಕ್ಕೊಂದು ಹಿನ್ನೆಲೆಯಿದೆ. ಹಳೆಯ ಗಾಡಿಗಳಲ್ಲಿ ತುಕ್ಕುನೀರಿಗೆ ಥರ್ಮೋಸ್ಟಾಟ್ ಮುಚ್ಚಿದಂತೆಯೇ ಅಂಟಿಕೊಂಡು ಎಂಜಿನ್ ಕುದಿಯುತ್ತಿತ್ತು, ತೆಗೆದ ಕೂಡಲೇ ತೊಂದರೆ ನಿಂತಂತೆ ಕಾಣುತ್ತಿತ್ತು. ಆದರೆ ಆ ಭಾಗದ ಕೆಲಸ ಎಂಜಿನ್ನನ್ನು ಬಿಸಿ ಮಾಡುವುದಷ್ಟೇ ಅಲ್ಲ, ಒಂದೇ ಉಷ್ಣತೆಯಲ್ಲಿ ಹಿಡಿದಿಡುವುದು. ಅದಿಲ್ಲದಿದ್ದರೆ ಮಡಿಕೇರಿಯ ಚಳಿಯಲ್ಲಿ, ಅದರಲ್ಲಿಯೂ ಇಳಿಜಾರಿನಲ್ಲಿ, ನೀರು ಸದಾ ರೇಡಿಯೇಟರಿನ ಮೂಲಕವೇ ಹರಿದು ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಹೀಟರ್ ಮಂದವಾಗುತ್ತದೆ, ಇಂಜೆಕ್ಷನ್ ವ್ಯವಸ್ಥೆಯಿರುವ ಎಂಜಿನ್ ತಾನಿನ್ನೂ ತಣ್ಣಗಿದ್ದೇನೆಂದು ಭಾವಿಸಿ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಸಿಲಿಂಡರಿನ ಸವೆತವೂ ಹೆಚ್ಚುತ್ತದೆ. ಈ ಮಳೆಗಾಲಕ್ಕೂ ಮೊದಲೇ, ಕಳೆದ ವರ್ಷದಿಂದಲೇ, ನಿಮ್ಮ ಹೀಟರ್ ಅರ್ಧ ಬಿಸಿಯಾಗುತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಹೌದಾದರೆ ಅದರ ಕಾರಣ ಇದು. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟಿನ ಹಿಂಬದಿಯ ತಟ್ಟೆ, ಬಿಸಿಯಾದಾಗ ಒಳದಾರಿಯೊಂದನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಂಥವುಗಳಲ್ಲಿ ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತಿ, ಏರಿನಲ್ಲಿ ಬಿಸಿ ಹೆಚ್ಚುತ್ತದೆ. ಥರ್ಮೋಸ್ಟಾಟಿನ ಪರವಾಗಿ ಹೇಳುವವರೂ ಒಂದು ತಪ್ಪು ಕಾರಣ ಕೊಡುವುದುಂಟು: ಅದಿಲ್ಲದಿದ್ದರೆ ನೀರು ತೀರ ವೇಗವಾಗಿ ಹರಿದು ರೇಡಿಯೇಟರಿನಲ್ಲಿ ತಣಿಯಲು ಸಮಯ ಸಿಗುವುದಿಲ್ಲ ಎಂದು. ಇದು ನಿಜವಲ್ಲ, ವೇಗವಾಗಿ ಹರಿಯುವ ನೀರು ಒಟ್ಟಿನಲ್ಲಿ ಹೆಚ್ಚೇ ಶಾಖವನ್ನು ಹೊರಹಾಕುತ್ತದೆ. ಹೊಸದನ್ನು ಹಾಕಿಸುವ ಮೊದಲು ಮನೆಯಲ್ಲಿ ನೀರಿನ ಪಾತ್ರೆಗೆ ದಾರದಲ್ಲಿ ಇಳಿಬಿಟ್ಟು ಕಾಯಿಸಿ ನೋಡಿ. ಅದರ ಮೇಲೆ 82 ಅಥವಾ 88 ಎಂದು ಕೆತ್ತಿರುವ ಡಿಗ್ರಿಯ ಸುತ್ತಮುತ್ತ ಬಾಯಿ ತೆರೆಯತೊಡಗಬೇಕು. ಆದರೆ ನೀರು ಕಳೆಯುವ ಕಾರಣ ಸಿಗುವವರೆಗೆ ಅದನ್ನು ಕೂಡಿಸಿ ಪ್ರಯೋಜನವಿಲ್ಲ.

ಅರಿಸಿನದ ವಿಚಾರದಲ್ಲಿ ನಿಮ್ಮ ಡ್ರೈವರನ್ನು ದೂರಬೇಡಿ. ದಾರಿಯ ನಡುವೆ ಸೋರುವ ರೇಡಿಯೇಟರನ್ನು ಊರು ಮುಟ್ಟಿಸಲು ಲಾರಿಯವರು ಬಹುಕಾಲದಿಂದ ಮಾಡಿಕೊಂಡು ಬಂದ ಉಪಾಯವದು, ಸೂಜಿಮೊನೆಯ ರಂಧ್ರವನ್ನು ಅದು ಮುಚ್ಚುವುದೂ ಉಂಟು. ತೊಂದರೆಯೆಂದರೆ ಆ ಪುಡಿಗೆ ಯಾವುದು ಸೋರುವ ರಂಧ್ರ, ಯಾವುದು ನೀರು ಹರಿಯಬೇಕಾದ ದಾರಿ ಎಂಬ ವಿವೇಕವಿಲ್ಲ. ಹೀಟರ್ ಕೋರಿನ ಕೊಳವೆಗಳು ಇಕ್ಕಟ್ಟು, ಅಲ್ಲಿ ನೀರಿನ ಓಟ ನಿಧಾನ, ಆದ್ದರಿಂದ ಪುಡಿ ಮೊದಲು ತಂಗುವುದು ಅಲ್ಲಿಯೇ. ಬಾಟಲಿಯಲ್ಲಿ ಮಾರುವ ಸೋರಿಕೆ ನಿಲ್ಲಿಸುವ ದ್ರವಗಳಿಗೂ ಈ ಮಾತು ಅನ್ವಯಿಸುತ್ತದೆ. ಈಗ ಮಾಡಬೇಕಾದದ್ದು ಇಡೀ ವ್ಯವಸ್ಥೆಯ ನೀರನ್ನು ಬಸಿದು, ತಿಳಿನೀರು ಬರುವವರೆಗೆ ತೊಳೆಸುವುದು, ಹೀಟರ್ ಕೋರಿನ ಎರಡೂ ಹೋಸುಗಳನ್ನು ಬಿಡಿಸಿ ನೀರನ್ನು ಹಿಮ್ಮುಖವಾಗಿ ಹರಿಸುವುದು. ತೋಟದ ನಲ್ಲಿಯ ಮೆದುವಾದ ಒತ್ತಡ ಸಾಕು. ಕಾಂಪ್ರೆಸರಿನ ಗಾಳಿ ಹಿಡಿದರೆ ಇಪ್ಪತ್ತು ವರ್ಷ ಹಳೆಯ ಕೋರಿನ ಬೆಸುಗೆ ಬಿಡಬಹುದು, ಆಗ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಮೈಮೇಲೆ ಬರುತ್ತದೆ.

ಹೀಟರನ್ನು ಬೈಪಾಸ್ ಮಾಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೋರ್ ಸೋರಿ ಒಳಗೆ ಬಿಸಿನೀರು ಬೀಳುತ್ತಿದ್ದರೆ ಊರು ಸೇರುವ ಮಟ್ಟಿಗೆ ಅದು ಸರಿ. ಆದರೆ ಬಯಲುಸೀಮೆಯ ಗಾಡಿಗೆ ಹೀಟರ್ ಅಲಂಕಾರವಿರಬಹುದು, ಆಷಾಢದ ಮಂಜಿನಲ್ಲಿ ಸಂಪಾಜೆಯ ತಿರುವುಗಳನ್ನು ಏರುವವರಿಗೆ ಮುಂದಿನ ಗಾಜನ್ನು ತಿಳಿಯಾಗಿಡುವುದು ಬ್ರೇಕಿನಷ್ಟೇ ಮುಖ್ಯ. ಬೈಪಾಸ್ ಮಾಡಿದರೆ ನಿಮಗೆ ಎಚ್ಚರಿಕೆ ಕೊಡುತ್ತಿದ್ದ ಸಾಕ್ಷಿಯೂ ಹೋಗುತ್ತದೆ.

ರೇಡಿಯೇಟರ್ ಬದಲಿಸುವ ಸಲಹೆ ತಪ್ಪೆಂದು ಹೇಳಲಾರೆ, ಅದು ಸಮಯಕ್ಕೆ ಮೊದಲು ಬಂದಿದೆ. ರೇಡಿಯೇಟರಿನ ಕೊಳವೆಗಳು ಅರ್ಧ ಕಟ್ಟಿದ್ದರೆ ಗಾಡಿ ಸಮತಟ್ಟಿನಲ್ಲಿ ಸರಿಯಾಗಿದ್ದು ಏರಿನಲ್ಲಿ ಬಿಸಿಯಾಗುತ್ತದೆ, ಅಷ್ಟರಮಟ್ಟಿಗೆ ನಿಮ್ಮ ಮೆಕ್ಯಾನಿಕರ ಊಹೆ ಸಮಂಜಸ. ಆದರೆ ಆಗ ಹೀಟರ್ ಹಿಂದೆಂದಿಗಿಂತ ಹೆಚ್ಚು ಬಿಸಿಯಾಗಿ ಊದಬೇಕಿತ್ತು, ಏಕೆಂದರೆ ಬಿಸಿನೀರಿಗೆ ಕೊರತೆಯಿರುವುದಿಲ್ಲ. ನಿಮ್ಮದು ತಣ್ಣಗಾಗುತ್ತಿದೆ. ಆದ್ದರಿಂದ ರೇಡಿಯೇಟರ್ ಒಂದೇ ಕಾರಣವಾಗಿರಲಾರದು. ಕಟ್ಟಿದೆಯೇ ಎಂದು ತಿಳಿಯಲು ಬಿಸಿಯಾದ ಮೇಲೆ ಅದರ ಮುಖದುದ್ದಕ್ಕೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಸಿ, ನಡುನಡುವೆ ತಣ್ಣನೆಯ ಪಟ್ಟಿಗಳಿದ್ದರೆ ಅಲ್ಲಿ ನೀರು ಓಡುತ್ತಿಲ್ಲ. ಅದಕ್ಕೂ ಮೊದಲು ತೋಟದ ದಾರಿಯ ಕೆಸರು ರೆಕ್ಕೆಗಳ ನಡುವೆ ಕೂತಿದ್ದರೆ ಎಂಜಿನ್ ಕಡೆಯಿಂದ ಹೊರಮುಖವಾಗಿ ನೀರು ಬಿಟ್ಟು ತೊಳೆಯಿರಿ.

ಪರೀಕ್ಷೆಯಲ್ಲಿ ಹೆಡ್ ಗ್ಯಾಸ್ಕೆಟ್ ಎಂದೇ ಸಿದ್ಧವಾದರೆ ನಿಮ್ಮ ಮುಂದೆ ಕೆಲವು ದಾರಿಗಳಿವೆ. ಸರಿಯಾದ ದಾರಿ ಹೆಡ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸುವುದು. ಗ್ಯಾಸ್ಕೆಟ್ಟಿನ ಬೆಲೆ ದೊಡ್ಡದಲ್ಲ, ಕೂಲಿಯೇ ದೊಡ್ಡದು. ಆದ್ದರಿಂದ ಅರ್ಧ ಕೆಲಸ ಮಾಡಿಸಿ ಮತ್ತೆ ಬಿಚ್ಚಿಸುವ ಪರಿಸ್ಥಿತಿ ತಂದುಕೊಳ್ಳಬಾರದು. ಈ 1.3 ಲೀಟರ್ ಎಂಜಿನ್ನಿನ ಹೆಡ್ಡೂ ಬ್ಲಾಕೂ ಅಲ್ಯೂಮಿನಿಯಂನವು. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಹಲವು ಬಾರಿ ಕುದಿದ ಹೆಡ್ ಸೊಟ್ಟಗಾಗಿರುವ ಸಂಭವ ಹೆಚ್ಚು. ನೇರಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಹೆಡ್ಡನ್ನೂ, ಮರೆಯದೆ ಬ್ಲಾಕಿನ ಮೇಲ್ಮೈಯನ್ನೂ ಅಳೆಯಬೇಕು. ಇಂಥ ಎಂಜಿನ್ನುಗಳಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚು ಡೊಂಕಿದ್ದರೆ ಫೇಸಿಂಗ್, ಅಂದರೆ ಮೇಲ್ಮೈಯನ್ನು ಯಂತ್ರದಲ್ಲಿ ಸಮತಟ್ಟು ಮಾಡಿಸುವುದು, ಅಗತ್ಯ. ಅದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ, ಕಣ್ಣಿಗೆ ಕಾಣುವುದಲ್ಲ, ಬರಿಗಣ್ಣಿನಲ್ಲಿ ನೋಡಿ ಸರಿಯಿದೆ ಎನ್ನುವವರನ್ನು ನಂಬಬೇಡಿ. ಬಿರುಕಿನ ಅನುಮಾನವಿದ್ದರೆ ಮೆಷಿನ್ ಶಾಪಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಮರುಜೋಡಣೆಯಲ್ಲಿ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಹೆಡ್ ಬಿಚ್ಚಿರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಎಲ್ಲ ಹೋಸುಗಳು, ಥರ್ಮೋಸ್ಟಾಟ್ ಮತ್ತು ಕ್ಯಾಪ್ ಹೊಸದಾಗಲಿ, ರೇಡಿಯೇಟರನ್ನು ಬಿಚ್ಚಿಸಿ ರಾಡಿಂಗ್ (ಕೊಳವೆಗಳಲ್ಲಿ ಸರಳು ತೂರಿಸಿ ಶುಚಿಮಾಡುವುದು) ಮಾಡಿಸಿ. ಎರಡನೆಯ ದಾರಿ ಗ್ಯಾಸ್ಕೆಟ್ ಮುಚ್ಚುವ ರಾಸಾಯನಿಕ ಸುರಿಯುವುದು. ಅದು ಕೆಲವು ವಾರ ನಿಲ್ಲಬಹುದು, ಆದರೆ ಈಗಾಗಲೇ ಅರಿಸಿನ ಕಂಡ ಕೋರಿಗೆ ಅದೇ ಕೊನೆಯಾಗುವ ಸಾಧ್ಯತೆ ಹೆಚ್ಚು, ಗಾಡಿಯನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ಬೇಡ. ನೀರು ಸುರಿಯುತ್ತಲೇ ಓಡಿಸುವುದು ಮೂರನೆಯದು, ಅದರಲ್ಲಿ ಹೆಡ್, ಬ್ಲಾಕ್ ಎರಡನ್ನೂ ಕಳೆದುಕೊಳ್ಳುವ ಅಪಾಯವಿದೆ. ಮಾರುವುದಾದರೂ ರಿಪೇರಿ ಮಾಡಿಸಿ ಮಾರಿ ಅಥವಾ ಕಾಯಿಲೆಯನ್ನು ಬಿಚ್ಚಿ ಹೇಳಿ ಮಾರಿ. ಜಿಪ್ಸಿ ಈಗ ಹೊಸದಾಗಿ ಸಿಗುವುದಿಲ್ಲ, ಮಲೆನಾಡು ಮತ್ತು ಕೊಡಗಿನಲ್ಲಿ ಅದನ್ನು ಹುಡುಕುವವರು ಇದ್ದಾರೆ. ಚಾಸಿ ತುಕ್ಕು ಹಿಡಿದಿಲ್ಲವಾದರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ರಿಪೇರಿಯನ್ನೇ ಮಾಡಿಸುತ್ತಿದ್ದೆ.

ಯಾವ ಕೆಲಸ ಮಾಡಿಸಿದರೂ ಕೊನೆಯಲ್ಲಿ ನೀರು ತುಂಬುವುದರಲ್ಲಿ ಅವಸರ ಮಾಡಬೇಡಿ. ಒಳಗೆ ಗಾಳಿ ಉಳಿದರೆ ಹೊಸ ಭಾಗಗಳಿದ್ದೂ ಹಳೆಯ ದೂರೇ ಮರುಕಳಿಸುತ್ತದೆ. ನಿಮ್ಮಲ್ಲಿ ಇಳಿಜಾರಿಗೆ ಬರವಿಲ್ಲ. ಗಾಡಿಯ ಮೂತಿ ಮೇಲ್ಮುಖವಾಗಿರುವಂತೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ತೆಳ್ಳಗೆ ಸುರಿಯುತ್ತ ಹೋಸುಗಳನ್ನು ಹಿಚುಕುತ್ತಿರಿ. ಕ್ಯಾಪ್ ತೆರೆದಂತೆಯೇ ಎಂಜಿನ್ ಓಡಿಸಿ, ಮೇಲಿನ ಹೋಸ್ ಬಿಸಿಯಾಗಿ ಹೀಟರಿನಿಂದ ಒಂದೇ ಸಮನೆ ಬಿಸಿಗಾಳಿ ಬರುವವರೆಗೆ ಮಟ್ಟ ತುಂಬುತ್ತಿರಿ. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಪಾಲಿರಲಿ. ಬಣ್ಣ ನೋಡಿ ಬೇರೆ ಬೇರೆ ಕೂಲಂಟ್ ಬೆರೆಸಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ.

ಇನ್ನು ಮುಂದೆ ಎಂದಾದರೂ ಘಟ್ಟದಲ್ಲಿ ಮುಳ್ಳು ಏರಿದರೆ ಹೀಟರನ್ನು ಪೂರ್ತಿ ತೆರೆದು ಕೈ ಒಡ್ಡಿ ನೋಡಿ. ಹೀಟರ್ ಹಾಕಿದರೆ ಎಂಜಿನ್ ತಣಿಯುತ್ತದೆ ಎಂಬ ಮಾತು ನೀರು ಇರುವವರೆಗೆ ನಿಜ. ಬಿಸಿಗಾಳಿ ಬರುತ್ತಿದ್ದರೆ ಕೆಳಗಿನ ಗೇರಿಗೆ ಬಂದು ನಿಧಾನವಾಗಿ ಸುರಕ್ಷಿತ ಜಾಗದವರೆಗೆ ಹೋಗಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ನಿಲ್ಲಿಸಬಹುದು. ಗಾಳಿ ತಣ್ಣಗಿದ್ದರೆ ಒಂದು ತಿರುವನ್ನೂ ಹತ್ತಬೇಡಿ, ಆ ಕ್ಷಣವೇ ಎಂಜಿನ್ ನಿಲ್ಲಿಸಿ. ಮುಕ್ಕಾಲು ಗಂಟೆಯಾದರೂ ಕಾಯದೆ ಕ್ಯಾಪ್ ಮುಟ್ಟಬಾರದು, ಒತ್ತಡ ಬಿಟ್ಟ ಕೂಡಲೇ ಒಳಗಿನ ನೀರು ಆವಿಯಾಗಿ ಮುಖಕ್ಕೆ ಎರಚುತ್ತದೆ, ಅಂಥ ಸುಟ್ಟ ಗಾಯಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಪಕ್ಕದ ತೊರೆಯ ತಣ್ಣೀರನ್ನು ಬಿಸಿ ಎಂಜಿನ್ನಿಗೆ ಸುರಿಯಬೇಡಿ, ಅಲ್ಯೂಮಿನಿಯಂ ಬಿರುಕು ಬಿಡುತ್ತದೆ.

ಹಳೆಯ ನೀರನ್ನು ಬಸಿಯುವ ದಿನ ತೋಟದ ನಾಯಿಗಳನ್ನೂ ಕರುಗಳನ್ನೂ ಕಟ್ಟಿಹಾಕಿರಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಅವು ನೆಕ್ಕುತ್ತವೆ, ಸ್ವಲ್ಪವೇ ಒಳಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಬಸಿದದ್ದನ್ನು ಚರಂಡಿಗಾಗಲಿ ಕಾಫಿ ಗಿಡದ ಬುಡಕ್ಕಾಗಲಿ ಚೆಲ್ಲದೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸಿ, ನೆಲಕ್ಕೆ ಬಿದ್ದದ್ದರ ಮೇಲೆ ಧಾರಾಳವಾಗಿ ನೀರು ಹಾಕಿ ತೊಳೆದ ಮೇಲೆಯೇ ಅವುಗಳ ಹಗ್ಗ ಬಿಚ್ಚಿ.